ದೇಸೂರಿನ ಧೂಳಿನಲ್ಲಿ ಹೊತ್ತು ಮುಳುಗಿದ್ದು

ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಗ್ಯಾಲಕ್ಸಿಗಳಿಗೆ ಧೂಳು ತುಂಬುವ ಕೆಲಸ ಮಾಡುತ್ತಾಳೆ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಒಂದು ಕಾಲಕ್ಕೆ ನಾನು ಎಂ.ಎಸ್ಸಿ. ಪರೀಕ್ಷೆಗೆ ಓದಿದ ಮೇಜಿನ ಮೇಲೆ, ವಿಶ್ವವಿದ್ಯಾಲಯದ ಸಂಶೋಧನೆಗೆಂದು ಇಟ್ಟ ಅವಳ ಕಂಪ್ಯೂಟರ್ ಇದೆ. ಅದರೊಳಗೆ ಮೊದಲು ನಕ್ಷತ್ರಗಳನ್ನು ಹರಡುತ್ತಾಳೆ. ಅವುಗಳ ನಡುವೆ ಧೂಳು ಇಡುತ್ತಾಳೆ. ಆಮೇಲೆ ಒಂದೊಂದು ನಕ್ಷತ್ರದಿಂದಲೂ ಬೆಳಕನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹೊರಗೆ ಬಿಡುತ್ತಾಳೆ. ಪೊಟ್ಟಣ ಹೊರಟಿತೆಂದರೆ ಕಂಪ್ಯೂಟರ್ ದಾಳ ಉರುಳಿಸುತ್ತದೆ. ಧೂಳಿನ ಕಣಕ್ಕೆ ಬಡಿಯಿತೋ ಇಲ್ಲವೋ? ಬಡಿದರೆ ಬೇರೆ ದಿಕ್ಕಿಗೆ ಚದುರಿತೋ, ಇಲ್ಲ ಧೂಳೇ ಅದನ್ನು ನುಂಗಿ ಬಿಸಿಯಾಯಿತೋ? ಹೀಗೆ ಬಡಿದು, ತಿರುಗಿ, ಮತ್ತೆ ಬಡಿದು ಕೊನೆಗೆ ಹೊರಬಿದ್ದ ಬೆಳಕನ್ನೆಲ್ಲ ಕೂಡಿಸಿದರೆ ಒಂದು ಚಿತ್ರ ಬರುತ್ತದೆ. ಅದನ್ನು ದೂರದರ್ಶಕ ತೆಗೆದ ನಿಜವಾದ ಚಿತ್ರದ ಪಕ್ಕಕ್ಕಿಟ್ಟು ನೋಡಬೇಕು. ಹೊಂದದಿದ್ದರೆ ಧೂಳನ್ನು ಅತ್ತಿತ್ತ ಸರಿಸಿ ಮತ್ತೆ ಮೊದಲಿನಿಂದ.

ಇಷ್ಟನ್ನು ನಾನೂ ಸರಾಗವಾಗಿ ಹೇಳಬಲ್ಲೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಮರೆತುಹೋಗಿದೆ.

ಮೊದಲು ಹೀಗಿರಲಿಲ್ಲ. ಅಪ್ಪ ಊರಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಓದಿದ್ದು ಕಡಿಮೆ, ಕೇಳುವ ಹಸಿವು ಬಹಳ. ನಾವು ಜೈನರು. ಮನೆಯಲ್ಲಿ ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು, ಆಮೇಲೆ ಬೆಳಗಿನ ತನಕ ಏನೂ ಇಲ್ಲ. ಅಪ್ಪನದು ಇನ್ನೂ ಬಿಗಿಯಾದ ನೇಮ, ನೀರು ಕೂಡ ಇಲ್ಲ. ಹಾಗಾಗಿ ನಮ್ಮ ಸಂಜೆಗಳು ಉಳಿದವರ ಸಂಜೆಗಳಿಗಿಂತ ಉದ್ದ. ಕೈ ತೊಳೆದು ಅಪ್ಪ ಮನೆಯ ಮೇಲಿನ ಬಯಲು ಗಚ್ಚಿಗೆ ಬರುತ್ತಿದ್ದರು, ನಾನು ಪಕ್ಕದಲ್ಲಿ ಕೂಡುತ್ತಿದ್ದೆ. ಗ್ರಹಣ ಯಾಕೆ ಹಿಡಿಯುತ್ತದೆ, ಚುಕ್ಕೆ ಯಾಕೆ ಮಿನುಗುತ್ತದೆ, ಆಕಾಶ ಯಾಕೆ ನೀಲಿ. ಅವೇ ಪ್ರಶ್ನೆಗಳನ್ನು ವರ್ಷ ವರ್ಷವೂ ಕೇಳುತ್ತಿದ್ದರು. ಉತ್ತರ ಗೊತ್ತಿದ್ದೂ ಕೇಳುತ್ತಿದ್ದರೆಂದು ನನಗೆ ಗೊತ್ತಿತ್ತು.

ಆಮೇಲೆ ವೈನಿ ಬಂದಳು. ಖಾನಾಪುರದವಳು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಅಣ್ಣ ತಾನೇ ಮೆಚ್ಚಿ ಮಾಡಿಕೊಂಡ ಹುಡುಗಿ, ಜೈನಳಲ್ಲ. ಅಪ್ಪ ಬಹಳ ದಿನ ಒಪ್ಪಲಿಲ್ಲ. ಒಪ್ಪಿದ ಮೇಲೂ ಮದುವೆಯ ಮಾತಿಗೆ ಅವಳ ಮನೆಗೆ ಹೋದಾಗ ಮುಂದಿಟ್ಟ ಹಾಲಿನ ಲೋಟವನ್ನು ಮುಟ್ಟಲಿಲ್ಲ. ಅವಳ ತಾಯಿ ಅದನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋದರು. ಆ ಲೋಟ ಒಳಗೆ ಹೋಗುವುದನ್ನು ವೈನಿ ಬಾಗಿಲಲ್ಲಿ ನಿಂತು ನೋಡಿದಳು, ನಾನೂ ನೋಡಿದೆ. ಅಂಥ ಮನೆಗೆ ಬಂದವಳು ಯಾರೂ ಹೇಳದೆ ಉಳ್ಳಾಗಡ್ಡಿ ಬಿಟ್ಟಳು, ನಮ್ಮ ಜೊತೆ ಹಗಲಲ್ಲೇ ಊಟಕ್ಕೆ ಕೂತಳು. ತಮ್ಮ ಕಡೆಯ ರೂಢಿಯಂತೆ ನನ್ನನ್ನು ‘ವನ್ಸಂ’ ಎಂದು ಕರೆದಳು. ಮರಾಠಿಯಲ್ಲಿ ಗಂಡನ ತಂಗಿಗೆ ಹಾಗನ್ನುತ್ತಾರೆ. ಇದೆಲ್ಲ ನನಗೆ ಇಷ್ಟವೇ ಆಗಿತ್ತು, ಒಂದು ಸಂಜೆ ಅಪ್ಪ ಕಂಪ್ಯೂಟರಿನ ಫ್ಯಾನಿನ ಸದ್ದು ಬಹಳವಾಯಿತೆಂದು ಹೇಳಲು ಅವಳ ಕೋಣೆಗೆ ಹೋಗುವವರೆಗೆ.

ಹೋದವರು ತಿರುಗಿ ಬರಲಿಲ್ಲ. ನಾನು ಗಚ್ಚಿಯ ಮೇಲೆ ಕಾದು ಕಾದು ಹೋಗಿ ನೋಡಿದರೆ, ಪರದೆಯ ಮೇಲೆ ಅಡ್ಡಲಾಗಿ ಕಾಣುವ ಒಂದು ಗ್ಯಾಲಕ್ಸಿ. ತಟ್ಟೆಯನ್ನು ಅಂಚಿನಿಂದ ನೋಡಿದ ಹಾಗೆ. ನಡುವೆ ಉದ್ದಕ್ಕೂ ಕಪ್ಪು ಪಟ್ಟಿ.

“ನಡುವ ಎಲ್ಲೇತಿ? ಬೆಳಕ ಇರೂದು ನಡುವ ಅಂದಿ, ಅಲ್ಲೇ ಕತ್ತಲಿ ಕಾಣತೈತಲ್ಲ,” ಎಂದು ಅಪ್ಪ ಕೇಳುತ್ತಿದ್ದರು.

“ಅಲ್ಲೇ ಐತ್ರಿ ಮಾಮಾರ. ಧೂಳು ಮುಂದ ಬಂದೈತಿ ಅಷ್ಟ,” ಎಂದಳು ವೈನಿ. “ತಡೀರಿ, ಅತಿಗೆಂಪಿನ್ಯಾಗ, ಅಂದ್ರ ಕಣ್ಣಿಗೆ ಕಾಣದ ಶಾಖದ ಬೆಳಕಿನ್ಯಾಗ ತೋರಸ್ತೀನಿ.” ಏನೋ ಒತ್ತಿದಳು. ಕಪ್ಪು ಪಟ್ಟಿಯೇ ಹೊಳೆಯತೊಡಗಿತು. “ನೋಡ್ರಿ, ನುಂಗಿದ ಬೆಳಕನ್ನ ಧೂಳು ಶಾಖ ಮಾಡಿ ತಿರುಗಿ ಕೊಡತೈತಿ. ಏನೂ ಕಳಿಯಂಗಿಲ್ಲ.”

ಅಪ್ಪ ತೊಡೆ ತಟ್ಟಿಕೊಂಡರು. “ನಮ್ಮ ಶಾಸ್ತ್ರದಾಗೂ ಅದ ಐತಿ ನೋಡವಾ. ಬೆಳಕೂ ಪುದ್ಗಲ, ನೆರಳೂ ಪುದ್ಗಲ, ಕತ್ತಲೀನೂ ಪುದ್ಗಲ. ಎಲ್ಲಾ ವಸ್ತುನ. ರೂಪ ಬದಲಿ ಅಷ್ಟ.”

ಈ ಪುದ್ಗಲದ ಮಾತನ್ನು ಅಪ್ಪ ನನ್ನೆದುರು ಎಂದೂ ತೆಗೆದಿರಲಿಲ್ಲ. ನನ್ನ ಹತ್ತಿರ ಬರೀ ಕೇಳುತ್ತಿದ್ದರು. ಅವಳಿಗೆ ಕೊಡಲು ಅವರ ಹತ್ತಿರ ಏನೋ ಇತ್ತು.

ಒಮ್ಮೆ ವೈನಿಯೇ ಕರೆದು, “ವನ್ಸಂ, ನೀವೂ ಒಂದ ಮಾಡ್ರಿ,” ಎಂದು ಕುರ್ಚಿ ಬಿಟ್ಟುಕೊಟ್ಟಳು. ನಾನು ಧೂಳನ್ನು ಅಂದಾಜಿನ ಮೇಲೆ ಇಟ್ಟೆ. ರಾತ್ರಿಯಿಡೀ ಲೆಕ್ಕ ಮಾಡಿದ ಯಂತ್ರ ಬೆಳಿಗ್ಗೆ ಕೊಟ್ಟ ಚಿತ್ರದಲ್ಲಿ ಗ್ಯಾಲಕ್ಸಿಯೇ ಇರಲಿಲ್ಲ, ಮಸಿ ಹಿಡಿದ ಬೋಗುಣಿಯಂತೆ ಒಂದು ಕಪ್ಪು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇಕಿ ಸಣ್ಣಾಕಿ ಇದ್ದಾಗಿಂದ ಹಂಗ. ಸಾರಿಗೆ ಖಾರ ಹಾಕಂದ್ರ ಡಬ್ಬೀನ ಸುರುವಾಕಿ.” ವೈನಿ ನಗಲಿಲ್ಲ. “ನಂದೂ ಮೊದಲ ಹಿಂಗ ಆಗಿತ್ರಿ,” ಎಂದಳು. ಅವಳು ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಭಾನುವಾರ ಅಪ್ಪ, ವೈನಿ, ನಾನು ಮೂವರೂ ಖಾನಾಪುರದಾಚೆ ಬೀಡಿ ಎಂಬ ನಮ್ಮ ಊರಿಗೆ ಹೋಗಿದ್ದೆವು. ಅಲ್ಲಿ ಅಪ್ಪನ ತಮ್ಮನ, ಅಂದರೆ ನಮ್ಮ ಕಾಕಾನ ಮನೆ. ಅಣ್ಣನಿಗೆ ಕಾರ್ಖಾನೆಯಲ್ಲಿ ಪಾಳಿ ಇತ್ತು, ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ಕಾರು ನನ್ನ ಕೈಯಲ್ಲಿ. ಚಳಿಗಾಲ, ಹೊತ್ತು ಬೇಗ ಮುಳುಗುವ ದಿನಗಳು. ಮಧ್ಯಾಹ್ನವೇ ಹೊರಡಬೇಕಿದ್ದವರನ್ನು ಕಾಕಾ ಬಿಡಲಿಲ್ಲ. ಗಾಣ ಸುರುವಾಗಿದೆ, ಹೊಸ ಬೆಲ್ಲ ನೋಡಿ ಹೋಗಿ ಎಂದ. ಇನ್ನೂ ಬೆಚ್ಚಗಿದ್ದ ಬೆಲ್ಲವನ್ನು ಪೇಪರಿನಲ್ಲಿ ಸುತ್ತಿ ವೈನಿಯ ಕೈಗೆ ಕೊಟ್ಟ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸ್ವಲ್ಪ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಕುಸಿದು ಮನುಷ್ಯ ಬೀಳುತ್ತಾನೆ. ಹೊತ್ತು ಮುಳುಗುವ ನೇಮವನ್ನೂ ಈ ಸೂಜಿಯನ್ನೂ ಜೊತೆಯಾಗಿ ನಿಭಾಯಿಸಲು ಅಪ್ಪ ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಊರಿನಿಂದ ಬರುವಾಗ ತಡವಾದರೆ, ಖಾನಾಪುರ ದಾಟಿದ ಕೂಡಲೇ ಕಾರಿನಲ್ಲೇ ಚುಚ್ಚಿಕೊಳ್ಳುವುದು. ಮನೆ ಮುಟ್ಟುವ ಹೊತ್ತಿಗೆ ನೇರ ತಾಟಿನ ಮುಂದೆ.

ಅವತ್ತೂ ಖಾನಾಪುರ ದಾಟುತ್ತಲೇ ಸೂಜಿ ತೆಗೆದರು. “ಮನಿಗೆ ಹೋಗಿ ತಗೋ ಅಪ್ಪಾ,” ಎಂದೆ.

“ಮನಿಗೆ ಹೋಗಿ ಸೂಜಿ ತಗೊಂಡು ಕುಂತರ ಸೂರ್ಯಪ್ಪ ನನ್ನ ಸಲುವಾಗಿ ಕುಂದರತಾನೇನು?” ಎನ್ನುತ್ತ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡರು. ಅವ್ವನಿಗೆ ಫೋನ್ ಮಾಡಿ, “ತಾಟು ಹಾಕು, ಬಂದ್ವಿ,” ಎಂದರು.

ದೇಸೂರಿನ ಹತ್ತಿರ ಸಾಲು ನಿಂತಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಪಕ್ಕಕ್ಕೆ ತಿರುಗಿಸಿದ ಮಣ್ಣು ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರಿನ ಸಮೇತ ಮಗುಚಿತ್ತು. ಹಿಂದೆ ಹೋಗಲು ಜಾಗವಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಕೆಂಪು ಮಣ್ಣು ತುಂಬಿದ ಟಿಪ್ಪರುಗಳು ಪಕ್ಕದಲ್ಲೇ ಹಿಂದೆ ಮುಂದೆ ಆಡುತ್ತ ಇದ್ದಬದ್ದ ಧೂಳನ್ನೆಲ್ಲ ಎಬ್ಬಿಸುತ್ತಿದ್ದವು. ಗಾಜು ಏರಿಸಿ ಕೂತೆವು. ಬೆಳಗಾವಿಯ ಕಡೆ ಮುಖ ಮಾಡಿದ್ದರಿಂದ ಪಡುವಣ ಅಪ್ಪನ ಕಿಟಕಿಗೇ ಇತ್ತು.

“ಅಪ್ಪಾ, ಒಂದಿಷ್ಟು ಬೆಲ್ಲ ತಿನ್ನು. ಈಗ.”

“ಕೈಕಾಲ ತೊಳೀದ? ಗಾಡ್ಯಾಗ? ಈಗ ಬಿಡತಾರ, ಸುಮ್ನಿರು.”

ಬಿಡಲಿಲ್ಲ. ನಾನು ಎರಡನೆಯ ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಕಿಟಕಿಯಲ್ಲಿ ಸೂರ್ಯ ಮಂಕಾದ. ಮೊದಲು ಕಿತ್ತಳೆ, ಆಮೇಲೆ ಹಳೆಯ ತಾಮ್ರದ ಬಿಲ್ಲೆಯ ಹಾಗೆ ಕೆಂಪು, ಆಮೇಲೆ ಇಲ್ಲ. ಮರಗಳ ತಲೆಗಿಂತ ಎಷ್ಟೋ ಮೇಲೆ ಇದ್ದಾಗಲೇ ಧೂಳು ಅವನನ್ನು ಅಳಿಸಿ ಹಾಕಿತು.

“ಆತು. ಹೊತ್ತು ಮುಳುಗಿತು,” ಎಂದರು ಅಪ್ಪ. ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

“ಮುಳುಗಿಲ್ಲ ಅಪ್ಪಾ!” ಮೊಬೈಲ್ ತೆಗೆದು ಅವರ ಮುಖದ ಮುಂದೆ ಹಿಡಿದೆ. “ಇಲ್ಲಿ ನೋಡು, ಇನ್ನೂ ಟೈಮ್ ಐತಿ. ಧೂಳಿಗೆ ಕಾಣವಲ್ಲ ಅಷ್ಟ.”

“ನನ್ನ ಸೂರ್ಯ ನಿನ್ನ ಮೊಬೈಲಿನ್ಯಾಗ ಇಲ್ಲ. ನಮ್ಮಪ್ಪ ಕಣ್ಣಿಂದ ನೋಡಿ ಊಟ ಬಿಡತಿದ್ದ, ನಾನೂ ಹಂಗ.”

“ಬೆಳಕು ಧೂಳಿಗೆ ಬಡದು ಚದುರತೈತಿ, ನೇರ ಬರಾಂಗಿಲ್ಲ. ನೇರ ಬರಲಿಲ್ಲಂದ್ರ ಸೂರ್ಯ ಇಲ್ಲ ಅಂತಲ್ಲ...”

“ನನಗ ಪಾಠ ಮಾಡಬ್ಯಾಡ. ಗಾಡಿ ನೋಡಕೋ.”

ನಾನು ಹೇಳಿದ್ದು ನಿಜವಾಗಿತ್ತು. ಇದನ್ನು ಮತ್ತೆ ಬರೆಯುತ್ತೇನೆ. ನಾನು ಹೇಳಿದಾಗ, ನಾನು ಹೇಳಿದ್ದು ನಿಜವಾಗಿತ್ತು. ಸೂರ್ಯ ಅಲ್ಲೇ ಇದ್ದ.

ಕಾರಿನಿಂದಿಳಿದು ಮುಂದಕ್ಕೆ ಓಡಿದೆ. ಮಗುಚಿದ ಟ್ರೇಲರಿನ ಸುತ್ತ ನಿಂತಿದ್ದವರನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬೇಡಿಕೊಂಡೆ. ವಯಸ್ಸಾದವರು ಇದ್ದಾರೆ, ಒಂದು ಕಾರಿಗಷ್ಟು ದಾರಿ ಮಾಡಿಕೊಡಿ ಎಂದೆ. ಅವರು ಆಗಲೇ ಕಬ್ಬನ್ನು ತಬ್ಬಿ ತಬ್ಬಿ ಪಕ್ಕಕ್ಕೆಸೆಯುತ್ತಿದ್ದರು. “ಮಾಡಾಕತ್ತೇವ್ರಿ ಬಾಯಾರ, ಕೈ ಎರಡ ಅದಾವ,” ಎಂದ ಒಬ್ಬ. ನಾನೂ ಕಬ್ಬು ಎಳೆದೆ. ಅಂಗೈ ಕುಯ್ದುಕೊಂಡಿತು. ವಾಪಸು ಬರುವಾಗ ಧೂಳಿನಲ್ಲಿ ಎಲ್ಲ ಕಾರುಗಳೂ ಒಂದೇ ಬಣ್ಣ, ನಮ್ಮದು ಯಾವುದೆಂದು ತಿಳಿಯಲಿಲ್ಲ. ಆ ಹುಡುಕಾಟ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಕಾರು ಸಿಗುವುದಿಲ್ಲ.

ಸಿಕ್ಕಾಗ ಅಪ್ಪನ ಅಂಗಿ ತೊಯ್ದು ಮೈಗಂಟಿತ್ತು. ಕೈಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. ತುಟಿ ಬೆಳ್ಳಗಾಗಿತ್ತು. “ಅಪ್ಪಾ, ಬೆಲ್ಲ,” ಎಂದು ತುಂಡನ್ನು ತುಟಿಗೆ ಹಿಡಿದೆ. ಹಲ್ಲು ಬಿಗಿಹಿಡಿದು ತಲೆ ಆಡಿಸಿದರು. ಒತ್ತಿದೆ. ಕೈಯಿಂದ ತಳ್ಳಿದರು, ಬೆಲ್ಲ ಕಾಲ ಕೆಳಗೆ ಬಿತ್ತು. ನಾನು ಅಳತೊಡಗಿದೆ.

ಹಿಂದಿನ ಸೀಟಿನಿಂದ ವೈನಿ ಮುಂದೆ ಬಾಗಿದಳು. ಅದಕ್ಕೆ ಮುನ್ನ ತನ್ನ ಮೊಬೈಲನ್ನು ಒಮ್ಮೆ ನೋಡಿದಳು, ನೋಡಿ ಸೀಟಿನ ಮೇಲೆ ಬೋರಲು ಹಾಕಿದಳು. ನನ್ನ ಮೊಬೈಲ್ ನನ್ನ ಕೈಯಲ್ಲೇ ಇತ್ತು, ಗಂಟೆ ನಾನೂ ನೋಡಿದೆ. ಸೂರ್ಯಾಸ್ತ ಆಗಿಹೋಗಿತ್ತು.

ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ, ಮಹಡಿ ಕೋಣೆಯಲ್ಲಿ ಮಾತಾಡುವ ಅದೇ ಧ್ವನಿಯಲ್ಲಿ ಹೇಳಿದಳು. “ಮಾಮಾರ, ಕಣ್ಣ ತಗೀರಿ. ಆ ಕಡೆ ನೋಡ್ರಿ. ಆ ಧೂಳು ಮ್ಯಾಲ ಕಪ್ಪ ಐತಿ, ಕೆಳಗ ಕೆಂಪ ಐತಿ ಹೌದಲ್ರಿ? ಯಾಕ ಕೆಂಪ ಐತಿ? ಹಿಂದ ದೀಪ ಐತಿ ಅಂತ. ನೀಲಿ ಬೆಳಕ ಚದುರಿ ಹೋತು, ಕೆಂಪ ಅಷ್ಟ ದಾಟಿ ಬಂತು. ನಾ ದಿನಾ ಮಾಡೂ ಕೆಲಸ ಇದ. ಸೂರ್ಯ ಹಿಂದ ಅದಾನ್ರಿ, ಇನ್ನೂ ಅದಾನ. ನನ್ನ ಮ್ಯಾಲ ಭರವಸಾ ಐತಿಲ್ರಿ?”

ಅಪ್ಪ ಕಣ್ಣು ತೆರೆದು ಬಹಳ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಅವಳನ್ನು ನೋಡಿದರು. ಬಾಯಿ ತೆರೆದರು.

ವೈನಿ ಬೆಲ್ಲವನ್ನು ಚಿಕ್ಕ ಚಿಕ್ಕ ಚೂರು ಮಾಡಿ ನಾಲಿಗೆಯ ಮೇಲಿಟ್ಟಳು, ಕರಗಿದ ಹಾಗೆ ಇನ್ನೊಂದು. ಆಮೇಲೆ ನೀರು, ಗುಟುಕು ಗುಟುಕಾಗಿ. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಅಪ್ಪ ಬದುಕಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅದು ನಿಜ. ಅದೇ ಗಳಿಗೆಯಲ್ಲಿ, ನನಗೆ ಮುಚ್ಚಿದ ಬಾಯಿ ಅವಳಿಗೆ ತೆರೆಯಿತಲ್ಲ ಎಂದು ನನ್ನ ಎದೆ ಉರಿಯುತ್ತಿತ್ತು. ಅದೂ ನಿಜ. ಎರಡೂ ಒಟ್ಟಿಗೆ ಇರಬಹುದೆಂದು ನನಗೆ ಮೊದಲು ತಿಳಿದಿರಲಿಲ್ಲ.

ಕೈಗಳ ಕುಣಿತ ನಿಂತಿತು. ಮುಂದಿನ ಕಾರುಗಳು ಅಲುಗಿದವು. ನಾನು ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೊಡೆದೆ. ಗ್ಲೂಕೋಸ್ ಬಾಟಲಿ ಹಚ್ಚಿದರು. ನರಕ್ಕೆ ಹೋಗುವುದು ಊಟವಲ್ಲವೆಂದು ಅಪ್ಪ ಅದಕ್ಕೆ ತಕರಾರು ಮಾಡಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, “ಇನ್ನೊಂದು ಸ್ವಲ್ಪ ತಡ ಆಗಿದ್ರ ನೋಡ್ರಿ...” ಎಂದು ಅಲ್ಲಿಗೇ ಬಿಟ್ಟರು. ಅವರು ಬಿಟ್ಟ ಆ ಮಾತನ್ನು ನಾನು ಇಂದಿಗೂ ದಿನಕ್ಕೊಂದು ತರದಲ್ಲಿ ಮುಗಿಸುತ್ತಿರುತ್ತೇನೆ.

ಆಸ್ಪತ್ರೆಯ ಪಡಸಾಲೆಯಲ್ಲಿ ವೈನಿ ನನ್ನ ಅಂಗೈಗೆ ಔಷಧ ಹಚ್ಚುತ್ತಿದ್ದಳು.

“ವೈನಿ, ಹೊತ್ತು ಮುಳುಗಿತ್ತು,” ಎಂದೆ.

“ಗೊತ್ತಿತ್ರಿ.”

“ಧೂಳು ಕೆಂಪ ಕಾಣೂದಕ್ಕ ಸೂರ್ಯ ಮ್ಯಾಲ ಇರಬೇಕಂತಿಲ್ಲ. ಮುಳುಗಿದ ಮ್ಯಾಲೂ ಕೆಂಪ ಇರತೈತಿ.”

“ಅದೂ ಗೊತ್ತೈತ್ರಿ ವನ್ಸಂ.” ಹತ್ತಿಯನ್ನು ಮಡಚಿ ಪಕ್ಕಕ್ಕಿಟ್ಟಳು. “ಮಾಮಾರಿಗೆ ಹೇಳತೀರೇನು?”

ಅಪ್ಪನಿಗೆ ಹಚ್ಚಿದ ಬಾಟಲಿ ಮುಗಿಯಿತೇನೋ ನೋಡಿ ಬರುತ್ತೇನೆಂದು ಎದ್ದೆ. ಅವಳು ಎರಡನೆಯ ಸಲ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪನನ್ನು ನೋಡಲು ಬಂದವರಿಗೆಲ್ಲ ಇದೇ ಕತೆ. “ನಮ್ಮ ಸೊಸಿ ಧೂಳಿನ ಹಿಂದಿನ ಸೂರ್ಯನ್ನ ಹುಡುಕಿ ತಗದ್ಲು. ನಮ್ಮಂಥವರಿಗೆ ಎಲ್ಲಿ ಕಾಣಬೇಕು?” ಬಂದವರು ವೈನಿಯನ್ನು ಹೊಗಳುತ್ತಿದ್ದರು. ಒಬ್ಬ ಅಜ್ಜಿಯಂತೂ, “ನೀನೂ ಇದ್ದೆಲ್ಲ, ನೀ ಏನ್ ಮಾಡಿದಿ?” ಎಂದು ನನ್ನನ್ನೇ ಕೇಳಿದಳು. “ಗಾಡಿ ಹೊಡದ್ನಿ,” ಎಂದೆ.

ನನಗೆ ಆಗ ನಿದ್ದೆ ಸರಿಯಿರಲಿಲ್ಲ. ತರಗತಿಯ ಹೊರಗೆ ಲಾರಿ ಹೋದರೆ ಕೈಯಲ್ಲಿದ್ದ ಚಾಕ್ ಮುರಿಯುತ್ತಿತ್ತು. ಬೆಳಕು ಚದುರುವ ಪಾಠವನ್ನು ಮುಂದಕ್ಕೆ ಹಾಕುತ್ತ ಹೋದೆ. ದೇಸೂರಿನ ಆ ಹೊತ್ತನ್ನು ತಲೆಯಲ್ಲಿ ಮತ್ತೆ ಮತ್ತೆ ಓಡಿಸುತ್ತಿದ್ದೆ, ವೈನಿ ತನ್ನ ಗ್ಯಾಲಕ್ಸಿಯನ್ನು ಓಡಿಸುವ ಹಾಗೆ. ಒಮ್ಮೆ ನಾನು ಕಾರಿನಿಂದ ಇಳಿಯುವುದಿಲ್ಲ, ಒಮ್ಮೆ ಖಾನಾಪುರದಲ್ಲೇ ಸೂಜಿ ಕಸಿದುಕೊಳ್ಳುತ್ತೇನೆ, ಒಮ್ಮೆ ಬೆಲ್ಲವನ್ನು ಒತ್ತದೆ ಮೆತ್ತಗೆ ಕೇಳುತ್ತೇನೆ. ಏನು ಬದಲಿಸಿದರೂ ಕೊನೆಯಲ್ಲಿ ಅಪ್ಪ ತಿರುಗಿ ನೋಡುವುದು ಅವಳನ್ನೇ.

ಹೇಳಿಬಿಡಬೇಕೆಂಬ ಆಸೆ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಮಾತು ಸಾಕು. ಆದರೆ ಹೇಳಿದರೆ ಅಪ್ಪನ ಜೀವಮಾನದ ನೇಮ ಮುರಿಯಿತೆಂದಾಗುತ್ತದೆ. ಪ್ರಾಯಶ್ಚಿತ್ತಕ್ಕೆಂದು ಉಪವಾಸ ಕೂತರೆ ಆ ದೇಹ ತಡೆಯುತ್ತದೆಯೇ? ಅವರ ಸಲುವಾಗಿ ಸುಮ್ಮನಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಅರ್ಧವಾದರೂ ನಿಜವಿತ್ತು. ಉಳಿದರ್ಧ, ಹೇಳಿದರೂ ಅಪ್ಪ ನನ್ನನ್ನು ನಂಬದೆ ಹೋದರೆ ಎಂಬ ಹೆದರಿಕೆ.

ಒಂದು ಮಧ್ಯಾಹ್ನ ಅಪ್ಪನೂ ನಾನೂ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆವು. ವೈನಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳು. ಅವ್ವ ಚಹಾ ತಂದುಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು, “ಹಾಲ ಹೆಚ್ಚ ಆಗೇತಿ,” ಎಂದರು.

“ಹಾಲ ಅಲ್ಲಪ್ಪಾ, ತುಪ್ಪ ಬಿಟ್ಟಿಯಲ್ಲ, ಅದಕ್ಕ ಎಲ್ಲಾ ಹಂಗ ಹತ್ತತೈತಿ ನಿನಗ,” ಎಂದೆ. ಆಸ್ಪತ್ರೆಯಿಂದ ಬಂದಾಗಿನಿಂದ ಅಪ್ಪ ತುಪ್ಪ ಮುಟ್ಟಿರಲಿಲ್ಲ. ಡಾಕ್ಟರು ಹೇಳಿರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು.

“ಡಾಕ್ಟರ್ ಎಲ್ಲಿ ಬಿಡಸ್ಯಾನ?” ಎಂದು ಅವ್ವ ಒಳಗಿನಿಂದಲೇ ಕೂಗಿದಳು. “ತಾವ ಬಿಟ್ಟಾರ. ಕೇಳಿದ್ರ ಹೇಳಂಗಿಲ್ಲ.”

ನಮ್ಮಲ್ಲಿ ನೇಮ ತಪ್ಪಿದವರು ಹೀಗೆ ಇಷ್ಟದ್ದೊಂದನ್ನು ಬಿಡುವುದುಂಟು. ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

“ಅಪ್ಪಾ, ಅವತ್ತ ಹೊತ್ತು...”

“ಮುಳುಗಿತ್ತು. ನನಗ ಗೊತ್ತಿತ್ತು.” ಕಾಯಿಯಿಂದ ತಲೆ ಎತ್ತಲಿಲ್ಲ. “ಇಷ್ಟ ವರ್ಷ ದಿನಾ ಹೊತ್ತು ನೋಡಿ ಉಂಡಾಂವ ನಾ. ಕೈ ನನ್ನ ಮಾತ ಕೇಳತಿರಲಿಲ್ಲ, ಕಣ್ಣ ಕೇಳತಿದ್ದವು.”

“ಗೊತ್ತಿದ್ದೂ ತಿಂದಿ?”

“ಆಕಿ ಅಷ್ಟ ಸುತ್ತ ಹಾಕಿ ಸುಳ್ಳ ಹೇಳಾಕತ್ತಿದ್ಲು. ನಡಗತಿದ್ದಳವಾ, ಹೆಗಲ ಮ್ಯಾಲ ಕೈ ಇತ್ತಲ್ಲ, ನನಗ ತಿಳೀತಿತ್ತು.” ಅಪ್ಪ ಕಾಳನ್ನು ಬುಟ್ಟಿಗೆ ಹಾಕಿದರು. “ಒಂದ ಸಲ ಆಕಿ ಮನಿ ಹಾಲ ಒಲ್ಲೆ ಅಂದೀನಿ. ಆಕಿ ಕೈಯಿಂದ ಬಂದದ್ದನ್ನ ಎರಡನೇ ಸಲ ಹೆಂಗ ಒಲ್ಲೆ ಅನ್ನಲಿ? ನಾ ಸತ್ತ ಹೋಗಿದ್ದರ, ಮಾವ ನನ್ನ ಕೈಯಾಂದು ತಿನ್ನದನ ಸತ್ತ ಅಂತ ಆಕಿ ಜನ್ಮ ಪೂರ್ತಿ ಹೊತಗೊಂಡ ತಿರಗತಿದ್ಲು.”

ಅಂದರೆ ಧೂಳಲ್ಲ, ಬೆಳಕಲ್ಲ, ಅವಳ ವಿದ್ಯೆಯೂ ಅಲ್ಲ. ಇಷ್ಟು ದಿನ ನಾನು ಅಸೂಯೆಪಟ್ಟಿದ್ದು ಯಾವುದರ ಮೇಲೋ. ಈಗ ಅದಕ್ಕಿಂತ ದೊಡ್ಡದು ಎದುರಿಗೆ ಬಂತು. ಅಪ್ಪ ಅವಳಿಗಾಗಿ ನೇಮ ಮುರಿದಿದ್ದರು, ಗೊತ್ತಿದ್ದೂ.

“ನಾ ಹೇಳಿದಾಗ ಸೂರ್ಯ ಇದ್ದ ಅಪ್ಪಾ,” ಎಂದೆ. ಧ್ವನಿ ನನ್ನದೆನಿಸಲಿಲ್ಲ. “ಖರೇನ ಇದ್ದ. ನಾ ಹೇಳಿದ್ದು ಖರೇ ಇತ್ತು. ಅದಕ್ಕ ಯಾಕ ತಿನ್ನಲಿಲ್ಲ?”

ಅಪ್ಪ ನನ್ನನ್ನು ನೋಡಿದರು. ಇದರಲ್ಲಿ ಕೇಳುವುದೇನಿದೆ ಎಂಬ ಮುಖ.

“ನೀ ಮಗಳು. ನಿನ್ನ ಮುಂದ ಹಟ ಮಾಡಿದ್ರ ನೀ ಏನ್ ಬಿಟ್ಟ ಹೋಗತೀಯೇನು?”

ಇದು ನನಗೆ ಸಿಕ್ಕ ಪ್ರೀತಿಯೋ, ನನ್ನಿಂದ ಕಿತ್ತುಕೊಂಡದ್ದೋ, ಇಂದಿಗೂ ನಿರ್ಧಾರವಾಗಿಲ್ಲ. ಹಟಕ್ಕೆ ನಾನು, ಸೋಲುವುದಕ್ಕೆ ಅವಳು. ನಾನು ಬಿಟ್ಟು ಹೋಗುವವಳಲ್ಲ ಎಂಬ ಖಾತ್ರಿಯಲ್ಲಿ ಅಪ್ಪ ಆ ಧೂಳಿನಲ್ಲಿ ನನ್ನನ್ನೇ ಬಿಟ್ಟು ಹೊರಟಿದ್ದರು.

“ಆಕಿಗೆ ಹೇಳಬ್ಯಾಡ,” ಎಂದರು ಅಪ್ಪ. “ನಾ ನಂಬೀನಿ ಅಂತ ತಿಳಕೊಂಡಾಳ. ಹಂಗ ಇರ್ಲಿ.”

ನಾನು ಹೇಳಿದೆ. ಅದೇ ಸಂಜೆ, ಊಟಕ್ಕೆ ಮುಂಚೆ, ಮಹಡಿ ಕೋಣೆಗೆ ಹೋಗಿ. ಯಾಕೆ ಹೇಳಿದೆನೆಂದರೆ, ನನಗೆ ಸಿಗದ ಆ ವಸ್ತು ತನ್ನ ಹತ್ತಿರ ಇದೆಯೆಂದು ಕೂಡ ಗೊತ್ತಿಲ್ಲದೆ ಅವಳು ಓಡಾಡಿಕೊಂಡಿರುವುದು ನನ್ನಿಂದ ನೋಡಲಾಗಲಿಲ್ಲ. ವೈನಿ ಪೂರ್ತಿ ಕೇಳಿಸಿಕೊಂಡಳು. ಕುರ್ಚಿ ಸರಿಸಿ ಎದ್ದಳು, ಮತ್ತೆ ಕೂತಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ಸದ್ದು ಮಾಡಿ, ಚಿಕ್ಕವರ ಹಾಗೆ.

ಕೆಳಗಿನಿಂದ ಅಪ್ಪ ಕೂಗಿದರು, “ಹೊತ್ತಾತು, ಬರ್ರಿ ಇಬ್ಬರೂ!”

ಅವಳ ಅಳು ನಿಲ್ಲುವ ತನಕ ನಾನು ಬಾಗಿಲಿಗೆ ಅಡ್ಡವಾಗಿ ನಿಂತೆ, ಅಪ್ಪ ಹತ್ತಿ ಬಂದರೆ ನೋಡದಿರಲೆಂದು.